ಪ್ರಾವಿಷನ್ ಲಿಸ್ಟ್

"ಪ್ರಾವಿಷನ್ ಲಿಸ್ಟ್ ಸಂಜೆ ಐದಕ್ಕೆ ನನ್ನ ಟೇಬಲ್ ಮೇಲಿರಬೇಕು. ಅರ್ಜೆಂಟು," ಅಂದರು ಮ್ಯಾನೇಜರು, ನಡೆಯುತ್ತಲೇ. ಆ ಮಹಾಶಯರಿಗೆ ಎಲ್ಲವೂ ಅರ್ಜೆಂಟೇ. ಅದಕ್ಕೇ ಕಂಪನಿಯವರೆಲ್ಲ ಬೆನ್ನ ಹಿಂದೆ ಅವರನ್ನು ಅರ್ಜೆಂಟ್ ಸಾರ್ ಅನ್ನುತ್ತಿದ್ದರು. "ಒಂದೊಂದು ಸೆಕ್ಷನ್‌ಗೂ ಹೋಗಿ ಕೇಳು. ಏನೇನು ಬರಬೇಕು, ಎಷ್ಟಾಗಬಹುದು, ಅಂದಾಜು ಬರ್ಕೊಂಡು ಬಾ. ಯಾರನ್ನೂ ಬಿಡಬೇಡ."

ಹುಡುಗಿಗೆ ಖುಷಿಯಲ್ಲಿ ಕೈಕಾಲೇ ಆಡಲಿಲ್ಲ. ಕಾಮರ್ಸ್ ಕೊನೆಯ ವರ್ಷ; ಟ್ರೈನಿಂಗಿಗೆಂದು ಈ ದೊಡ್ಡ ಕಂಪನಿಯ ಫೈನಾನ್ಸ್ ವಿಭಾಗಕ್ಕೆ ಬಂದು ಏಳು ವಾರವಾಗಿತ್ತು. ಅಷ್ಟೂ ದಿನ ಮಾಡಿದ್ದು ಬಿಲ್ಲುಗಳಿಗೆ ಪಿನ್ ಹೊಡೆಯುವ ಕೆಲಸ. ನಾಳೆ ಕೊನೆಯ ದಿನ. ಸರ್ಟಿಫಿಕೇಟ್ ಇಲ್ಲದಿದ್ದರೆ ಕಾಲೇಜಿನವರು ಪರೀಕ್ಷೆಗೇ ಕೂರಿಸುವುದಿಲ್ಲ. ನಿನ್ನೆ ಕೇಳಲು ಹೋದಾಗ ಅರ್ಜೆಂಟ್ ಸಾರ್, "ಏನು ಕಲಿತಳು ಅನ್ನೋ ಕಡೆ ಏನಂತ ಬರೀಲಮ್ಮ? ಪಿನ್ ಚೆನ್ನಾಗಿ ಹೊಡೀತಾಳೆ ಅಂತಲಾ?" ಎಂದು ಸಾಗಹಾಕಿದ್ದರು. ಈಗ ಕೊನೇ ಗಳಿಗೆಯಲ್ಲಿ ಒಂದು ನಿಜವಾದ ಕೆಲಸ ಸಿಕ್ಕಿತ್ತು.

ಪ್ರಾವಿಷನ್ ಅನ್ನುವುದು ಅವಳ ಪುಸ್ತಕದಲ್ಲೂ ಬಂದಿತ್ತು, ಒಂಬತ್ತನೇ ಪಾಠದಲ್ಲಿ. ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಕಕ್ಕಿ, ಅಲ್ಲೇ ಬಿಟ್ಟು ಬಂದಿದ್ದಳು. ಆದರೆ ಹುಟ್ಟಿದಾಗಿನಿಂದ ಅವಳು ಕಂಡ ಪ್ರಾವಿಷನ್ ಬೇರೆ. ಅವಳಮ್ಮ ನಡೆಸುತ್ತಿದ್ದುದೇ ಪ್ರಾವಿಷನ್ ಸ್ಟೋರು. ಪ್ರಾವಿಷನ್ ಲಿಸ್ಟ್ ಬರೆಯೋದು ಇವಳಿಗೆ ಯಾರಾದರೂ ಹೇಳಿಕೊಡಬೇಕೇ? ಪುಸ್ತಕ, ಪೆನ್ನು ಹಿಡಿದು ಹೊರಟೇಬಿಟ್ಟಳು.

ಖರೀದಿ ಸೆಕ್ಷನ್ನಿನ ಗುಮಾಸ್ತರು ಮೊದಲು ನಂಬಲಿಲ್ಲ. ಖರ್ಚು ಉಳಿಸಬೇಕು ಅಂತ ಕಂಪನಿ ಟೀ ನಿಲ್ಲಿಸಿ ಎರಡು ವರ್ಷವಾಗಿತ್ತು.

"ನಿಜವಾಗ್ಲೂ ಕೇಳ್ಕೊಂಡು ಬಾ ಅಂದ್ರಾ?"

"ಯಾರನ್ನೂ ಬಿಡಬೇಡ ಅಂದಿದ್ದಾರೆ ಸರ್."

"ಹಾಗಾದ್ರೆ ಟೀಪುಡಿ ಬರ್ಕೋ. ಅರ್ಧ ಕೆಜಿ."

"ಹದಿನಾಲ್ಕು ಜನ ಇದ್ದೀರಿ ಸರ್. ಅರ್ಧ ಕೆಜಿ ಹತ್ತು ದಿನಕ್ಕೂ ಬರಲ್ಲ," ಎಂದು ಅವಳೇ ಎರಡು ಕೆಜಿ ಮಾಡಿದಳು. ಸುದ್ದಿ ಅವಳಿಗಿಂತ ಮುಂಚೆ ಮೆಟ್ಟಿಲು ಹತ್ತಿತು. ಕೋರ್ಟು ಕೇಸು ನೋಡುವವರು ಬಿಸ್ಕತ್ತು ಕೇಳಿದರು, ಕ್ರೀಮ್ ಇರುವುದೇ ಆಗಬೇಕೆಂದು ಷರತ್ತೂ ಹಾಕಿದರು. ಯಾರ ಹತ್ತಿರವೂ ನಗದ ಸಂಬಳ ಸೆಕ್ಷನ್ನಿನ ಹಿರಿಯರು ಬಾಗಿಲು ಓರೆ ಮಾಡಿ, "ಗೋಡಂಬಿ ಬರಿಯಮ್ಮ. ಆಗಲ್ಲ ಅಂದ್ರೆ ಕಡಲೆಬೀಜಾನೇ ಇರ್ಲಿ, ಬೇಜಾರಿಲ್ಲ," ಎಂದರು. ಪಾಪ, ಆ ಮುಖ ನೋಡಿ ಅವಳು ಎರಡನ್ನೂ ಬರೆದುಕೊಂಡಳು. ಅಮ್ಮನಿಗೆ ಫೋನ್ ಮಾಡಿ ರೇಟು ಕೇಳಿದಳು, ಕಂಪ್ಯೂಟರಿನಲ್ಲಿ ಅಂದವಾಗಿ ಟೈಪು ಮಾಡಿದಳು. ಐದಕ್ಕೆ ಹತ್ತು ನಿಮಿಷ ಇರುವಾಗಲೇ ಲಿಸ್ಟ್ ತಯಾರು.

ಅರ್ಜೆಂಟ್ ಸಾರ್ ಫೋನನ್ನು ಭುಜಕ್ಕೂ ಕಿವಿಗೂ ಸಿಕ್ಕಿಸಿಕೊಂಡು, ಕೆಳಗಿನ ಟೋಟಲ್ ಮಾತ್ರ ನೋಡಿದರು. "ಇಷ್ಟು ಕಮ್ಮೀನಾ? ಭೇಷ್. ದೊಡ್ಡ ಮೇಡಂ ಖುಷಿಯಾಗ್ತಾರೆ," ಎಂದು ಹಾಗೇ ಮೇಲಕ್ಕೆ ಕಳಿಸಿಬಿಟ್ಟರು.

ದೊಡ್ಡ ಮೇಡಂ ಅಂದರೆ ಇಡೀ ಫೈನಾನ್ಸಿಗೆ ಮುಖ್ಯಸ್ಥೆ. ಮರುದಿನ ಬೆಳಿಗ್ಗೆ ಇಬ್ಬರಿಗೂ ಕರೆ ಬಂತು. ಮೇಜಿನ ಮೇಲೆ ಮನೆಯಿಂದ ತಂದ ಫ್ಲಾಸ್ಕು, ಅದರ ಪಕ್ಕದಲ್ಲಿ ಲಿಸ್ಟು. ಮೇಡಂ ಓದಿದರು: "ಕ್ರೀಮ್ ಬಿಸ್ಕತ್ತು, ಇಪ್ಪತ್ತು ಪ್ಯಾಕೆಟ್. ಗೋಡಂಬಿ, ಬ್ರಾಕೆಟ್‌ನಲ್ಲಿ ಕಡಲೆಬೀಜ. ಇನ್ನೂ ಬರದ ಬಿಲ್ಲುಗಳಿಗೆ ನಾವು ಎತ್ತಿಡಬೇಕಾದ ಹಣದ ಲಿಸ್ಟಾ ಇದು?"

ಆಗ ಹುಡುಗಿಗೆ ಒಂಬತ್ತನೇ ಪಾಠ ಪೂರ್ತಿ ನೆನಪಾಯಿತು, ಪುಟದ ನಂಬರಿನ ಸಮೇತ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಸರ್ಟಿಫಿಕೇಟ್ ಹೋಯಿತು, ಪರೀಕ್ಷೆ ಹೋಯಿತು, ಒಂದು ವರ್ಷ ಮಣ್ಣುಪಾಲು.

"ಹೊಸ ಹುಡುಗಿ ಮೇಡಂ, ಏನೋ ಎಡವಟ್ಟು ಮಾಡಿದ್ದಾಳೆ," ಎಂದರು ಅರ್ಜೆಂಟ್ ಸಾರ್, ಬೆವರು ಒರೆಸಿಕೊಂಡು.

"ನೀವು ಓದಿದ್ರಾ?"

"ಟೋಟಲ್ ನೋಡಿದ್ದೆ, ಮೇಡಂ."

"ಹೋದ ತಿಂಗಳ ಲಿಸ್ಟು?"

"ಅದೂ... ಟೋಟಲ್ಲೇ."

ಅದರ ಹಿಂದಿನ ತಿಂಗಳನ್ನು ಮೇಡಂ ಕೇಳಲಿಲ್ಲ. "ನಿಜವಾದ ಲಿಸ್ಟನ್ನ ಇವತ್ತು ನೀವೇ ಮಾಡ್ಕೊಂಡು ಬನ್ನಿ. ಒಂದೊಂದು ಸೆಕ್ಷನ್‌ಗೂ ಹೋಗಿ," ಎಂದು ಹುಡುಗಿಯ ಕಡೆ ತಿರುಗಿದರು. "ಪ್ರಾವಿಷನ್ ಅಂದ್ರೇನಮ್ಮ?"

ಹುಡುಗಿ ಒಂಬತ್ತನೇ ಪಾಠ ಒಪ್ಪಿಸಿದಳು. "ಕೊಡಲೇಬೇಕು ಅಂತ ಗೊತ್ತಿದ್ದು, ಬಿಲ್ಲು ಮಾತ್ರ ಇನ್ನೂ ಬಂದಿಲ್ಲದೇ ಇದ್ರೆ, ಅದಕ್ಕೆ ಎತ್ತಿಡೋದು, ಮೇಡಂ."

ಮೇಡಂ ಲಿಸ್ಟನ್ನು ಮತ್ತೆ ಮುಂದಕ್ಕೆ ಎಳೆದುಕೊಂಡರು. ಎರಡು ವರ್ಷದ ಕೆಳಗೆ ಟೀ ನಿಲ್ಲಿಸುವ ಆರ್ಡರಿಗೆ ಸಹಿ ಹಾಕಿದ್ದವರು ಅವರೇ.

"ಹಾಗಾದ್ರೆ ಇದರಲ್ಲಿ ತಪ್ಪೇನಿಲ್ಲ," ಎಂದರು. ಲಿಸ್ಟಿಗೆ ಒಂದು ಸಹಿ ಬಿತ್ತು. ಸರ್ಟಿಫಿಕೇಟನ್ನು ತರಿಸಿಕೊಂಡು ಅದಕ್ಕೂ ತಾವೇ ಸಹಿ ಹಾಕಿದರು. ಏನು ಕಲಿತಳು ಅನ್ನುವ ಕಡೆ, 'ಪ್ರಾವಿಷನ್' ಎಂದು ಬರೆದರು. ಹುಡುಗಿಗೆ ಕಣ್ಣು ತುಂಬಿ ಬಂತು.

ಅರ್ಜೆಂಟ್ ಸಾರ್ ಆ ಲಿಸ್ಟನ್ನು ಕೈಗೆತ್ತಿಕೊಂಡರು. ಮೇಲಿಂದ ಕೆಳಗಿನ ತನಕ ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು, ನಿಧಾನವಾಗಿ ಓದಿದರು. ಇನ್ನೊಮ್ಮೆ ಓದಿದರು. ಆಮೇಲೆ ಮೆಲ್ಲಗೆ ಅಂದರು:

"ಮೇಡಂ, ಇದರಲ್ಲಿ ನಮ್ಮ ಸೆಕ್ಷನ್ನೇ ಬಿಟ್ಟು ಹೋಗಿದೆ."