ಪ್ರಸಾದ ಕರಗುವ ತನಕ

"ಬಾಯಿ ತೆಗಿ," ಎಂದಳು ದೇವಕ್ಕ. ಯಾದಗಿರಿ ಜಿಲ್ಲಾ ಕೋರ್ಟಿನ ಬಾಗಿಲಲ್ಲಿ ಬಿಳಿ ಪಟ್ಟಿ ಸರಿಮಾಡಿಕೊಳ್ಳುತ್ತಿದ್ದ ವಕೀಲೆ ಗುರುದೇವಿ ಯಾಕೆ ಎಂದು ಕೇಳಲು ಬಾಯಿ ತೆರೆದದ್ದೇ ತಡ, ನೆಲ್ಲಿಕಾಯಿ ಗಾತ್ರದ ಕಲ್ಲುಸಕ್ಕರೆಯೊಂದು ಒಳಗೆ ಬಿತ್ತು. "ತಿಂಥಣಿ ಮೋನಪ್ಪಯ್ಯನ ಪ್ರಸಾದ ಐತಿ. ಉಗುಳಬ್ಯಾಡ, ಕಡೀಬ್ಯಾಡ, ತಾನs ಕರಗಬೇಕು. ಈಗ ನೋಡವಾ, ಮಾತು ಹ್ಯಾಂಗ ಬರ್ತಾವ!" ಅಷ್ಟರಲ್ಲಿ ಒಳಗಿನಿಂದ ಇವರದೇ ಕೇಸು ಕೂಗಿದರು.

ಗುರುದೇವಿ ಒಬ್ಬಳೇ ನಿಂತು ನಡೆಸುತ್ತಿದ್ದ ಮೊದಲ ಅಪೀಲು ಇದು. ಸಗರದ ದೇವಕ್ಕನ ಹೊಲಕ್ಕೆ ಹೋಗುವ ಬಂಡಿದಾರಿ ಲಿಂಗಣ್ಣನ ಹೊಲದ ಅಂಚಿನಲ್ಲಿ ಹಾದುಹೋಗುತ್ತದೆ. ಅವನು ಅದಕ್ಕೆ ಮುಳ್ಳುಬೇಲಿ ಬಡಿದ. ಶಹಾಪುರದ ಕೋರ್ಟು ತೆಗೆ ಎಂದಿತು. ಅವನು ಅಪೀಲು ಹಿಡಿದು ಯಾದಗಿರಿಗೆ ಬಂದ. ಇಲ್ಲಿ ಸೋತರೆ ದೇವಕ್ಕ ಅರವತ್ತೆಂಟರ ವಯಸ್ಸಿನಲ್ಲಿ ಗೊಬ್ಬರದ ಬುಟ್ಟಿ ಹೊತ್ತು ಕಾಲುವೆ ಸುತ್ತಿ ಹೋಗಬೇಕು. ಹಾಗಾಗಬಾರದೆಂದು ಗುರುದೇವಿ ಹದಿನಾಲ್ಕು ಹಾಳೆ ವಾದ ಬರೆದು, ಕನ್ನಡಿಗೆ ಒಮ್ಮೆ, ಗೋಡೆಗೆ ಒಮ್ಮೆ, ಅನ್ನದ ಕುಕ್ಕರಿಗೆ ಎರಡು ಸಲ ಒಪ್ಪಿಸಿದ್ದಳು. ನಡುವೆ ಬಾಯಿ ಹಾಕಿದ್ದು ಕುಕ್ಕರ್ ಮಾತ್ರ.

ಅವಳ ಗುರು, ಹಿರಿಯ ವಕೀಲ ವಿಶ್ವರಾಧ್ಯರು ಆ ಕಟ್ಟು ನೋಡಿ ನಕ್ಕಿದ್ದರು. "ಅಪೀಲಿನ್ಯಾಗ ಹೊಸಾ ಸಾಕ್ಷಿ ಇಲ್ಲ, ಹೊಸಾ ಕತಿ ಇಲ್ಲ. ಕೆಳಗಿನ ಕೋರ್ಟಿನ್ಯಾಗ ಬರಕೊಂಡಿದ್ದಷ್ಟs ಮಾತು. ಜಡ್ಜ್ ಸಾಹೇಬ್ರು ತಾವs ನಮಗ ಬೇಕಾದ ಪುಟ ಹುಡುಕಿದ್ರಂದ್ರ ನೀ ಸುಮ್ಕ ಕುಂಡ್ರು." ಸುಮ್ಮನೆ ಕೂರುವುದಕ್ಕೆ ಈ ಬಿಸಿಲಲ್ಲಿ ಕರಿಕೋಟು ಯಾಕೆ ಬೇಕು? ಗುರುದೇವಿಗೆ ಆ ಮಾತು ಸ್ವಲ್ಪವೂ ಹಿಡಿಸಿರಲಿಲ್ಲ.

ಮೊದಲು ಲಿಂಗಣ್ಣನ ವಕೀಲ ಅರುಣಕುಮಾರ ಎದ್ದರು. ಎದ್ದವರು ಇಪ್ಪತ್ತು ನಿಮಿಷ ಕೂರಲಿಲ್ಲ. ಸಂವಿಧಾನದಿಂದ ಹಿಡಿದು ಸಗರದ ಹುಣಸೆಮರದವರೆಗೆ ಯಾವುದನ್ನೂ ಬಿಡದೆ, ಕೊನೆಗೆ ಅಲ್ಲಿ ದಾರಿ ಎಂಬುದೇ ಎಂದೂ ಇರಲಿಲ್ಲ ಎಂದು ಮೇಜು ಗುದ್ದಿದರು. ಹಿಂದಿನ ಬೆಂಚಿನಲ್ಲಿ ದೇವಕ್ಕ ಅವರು ತನ್ನ ಎದುರಾಳಿಯ ವಕೀಲರೆಂಬುದನ್ನೂ ಮರೆತು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದಳು.

"ಪುಟ ಮೂವತ್ತೇಳು ತೆಗೆಯಿರಿ," ಎಂದರು ನ್ಯಾಯಾಧೀಶರು. "ಪಾಟೀಸವಾಲಿನಲ್ಲಿ ನಿಮ್ಮ ಕಕ್ಷಿದಾರರು ಏನು ಹೇಳಿದ್ದಾರೆ, ಓದಿ."

ಅರುಣಕುಮಾರರ ದನಿ ಮಹಡಿಯಿಂದ ನೆಲಮಾಳಿಗೆಗೆ ಇಳಿಯಿತು. "'ನನ್ನ ಮದುವೆಯ ಸಾಮಾನು ದೇವಕ್ಕನ ಗಂಡನ ಬಂಡಿಯಲ್ಲಿ ಅದೇ ದಾರಿಯಿಂದ ಬಂದಿತ್ತು. ಅದೇ ಬಂಡಿಯಲ್ಲಿ ನಾನೂ ಕೂತಿದ್ದೆ.'" ಕೋರ್ಟೆಲ್ಲ ಗೊಳ್ಳೆಂದಿತು. ಲಿಂಗಣ್ಣ ತನ್ನ ಚಪ್ಪಲಿಯನ್ನು ಈಗಷ್ಟೇ ಕೊಂಡವನಂತೆ ನೋಡತೊಡಗಿದ.

ಗುರುದೇವಿ ತನ್ನ ಹಾಳೆಗಳ ಕಟ್ಟನ್ನು ಎದೆಗೆ ಅವುಚಿಕೊಂಡಳು. ಅದು ಅವಳ ಪುಟ! ಒಂಬತ್ತನೇ ಹಾಳೆಯಲ್ಲಿ ಕೆಂಪು ಗೆರೆ ಎಳೆದು ಇಟ್ಟುಕೊಂಡಿದ್ದ ಪುಟ. "ಎದುರುದಾರರ ಪರ ಏನಾದರೂ ಹೇಳುವುದಿದೆಯೇ?" ಎಂದು ನ್ಯಾಯಾಧೀಶರು ಕೇಳಿದಾಗ ಹದಿನಾಲ್ಕೂ ಹಾಳೆ ಒಟ್ಟಿಗೆ ಗಂಟಲಿಗೆ ಬಂದವು. ಕಲ್ಲುಸಕ್ಕರೆಯನ್ನು ಎಡದವಡೆಗೆ ತಳ್ಳಿದಳು, ಬಲದವಡೆಗೆ ತಳ್ಳಿದಳು. ಬಾಯಿ ತೆರೆದರೆ ಜೊಲ್ಲು ಸೋರುತ್ತದೆ. ಉಗುಳಿದರೆ ಮೋನಪ್ಪಯ್ಯನಿಗೆ ಅಪಚಾರ. ಕಡಿದರೆ ದೇವಕ್ಕನಿಗೆ ಸದ್ದು ಕೇಳುತ್ತದೆ. ಹಿಂದಿನಿಂದ ದೇವಕ್ಕ ಗೌನು ಜಗ್ಗುತ್ತಿದ್ದಳು: "ಹೇಳವಾ! ಮಾತಾಡು! ಎದಕ ಸುಮ್ಕ ನಿಂತಿದಿ?" ಬೇರೆ ದಾರಿ ಕಾಣದೆ ಗುರುದೇವಿ ಕೈಮುಗಿದು ಇಲ್ಲವೆಂದು ತಲೆಯಾಡಿಸಿದಳು.

ನ್ಯಾಯಾಧೀಶರು ಕನ್ನಡಕದ ಮೇಲಿಂದ ಅವಳನ್ನು ನೋಡಿದರು. "ಎಲ್ಲಿ ನಿಲ್ಲಿಸಬೇಕೆಂದು ಗೊತ್ತಿರುವ ವಕೀಲರನ್ನು ನೋಡಿ ಬಹಳ ದಿನವಾಗಿತ್ತು," ಎಂದು ನಕ್ಕು, ಅಲ್ಲೇ ಆದೇಶ ಬರೆಸಿದರು. ಅಪೀಲು ವಜಾ. ಬೇಲಿ ಕೀಳಬೇಕು, ದಾರಿ ದೇವಕ್ಕನಿಗೆ ಬಿಡಬೇಕು.

ವರಾಂಡಕ್ಕೆ ಬಂದಾಗ ಗುರುದೇವಿಗೆ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಕುಣಿಯಬೇಕೆನಿಸಿತು, ಕಿರುಚಬೇಕೆನಿಸಿತು, ಬಾಯಿ ಮಾತ್ರ ಬಂದ್. ಬಾಗಿಲಲ್ಲಿ ನಿಂತು ಎಲ್ಲ ನೋಡಿದ್ದ ವಿಶ್ವರಾಧ್ಯರು ಎದುರಿಗೆ ಬಂದು ಬೆನ್ನು ತಟ್ಟಿದರು. "ಭೇಷ್, ಭೇಷ್! ಆ ಬುದ್ಧಿ ಬರಾಕ ನನಗ ಇಪ್ಪತ್ತು ವರ್ಷ ಹಿಡೀತು ನೋಡವಾ." ಅವಳು ಉಬ್ಬಿದ ಗಲ್ಲ ಇಟ್ಟುಕೊಂಡು ಗಂಭೀರವಾಗಿ ತಲೆಬಾಗಿದಳು. ನಗು ತಡೆದು ತಡೆದು ಕಣ್ಣಲ್ಲಿ ನೀರು ಬಂತು. ಶಿಷ್ಯೆಯ ಭಕ್ತಿ ಕಂಡು ಅವರ ಕಣ್ಣೂ ತೇವವಾದವು.

"ಗೆದ್ದೇವೇನ್ರಿ?" ಎಂದು ದೇವಕ್ಕ ವಿಶ್ವರಾಧ್ಯರನ್ನೇ ಕೇಳಿದಳು. ತನ್ನ ವಕೀಲೆಯ ಮೇಲೆ ಅವಳಿಗೆ ನಂಬಿಕೆ ಉಳಿದಿರಲಿಲ್ಲ.

"ಗೆದ್ದಿ ಬೇ. ನಾಳಿನಿಂದ ಬಂಡಿ ಹೊಡಿ."

ದೇವಕ್ಕ ಎರಡೂ ಕೈ ಎತ್ತಿ ಮೋನಪ್ಪಯ್ಯನಿಗೆ ಮುಗಿದಳು. ಒಂದು ಸುತ್ತು ತಿರುಗಿಯೂ ಬಿಟ್ಟಳು. ಆಮೇಲೆ ಸೆರಗಿನ ಗಂಟು ಬಿಚ್ಚಿ, ಉಳಿದಿದ್ದ ಇನ್ನೊಂದು ಕಲ್ಲುಸಕ್ಕರೆ ತೆಗೆದಳು. ಇದೂ ತನಗೇ ಎಂದು ಗುರುದೇವಿ ಹೆದರಿ ಒಂದು ಹೆಜ್ಜೆ ಹಿಂದೆ ಸರಿದಳು. ದೇವಕ್ಕ ಅವಳ ಕಡೆ ತಿರುಗಿಯೂ ನೋಡದೆ, ಮೆಟ್ಟಿಲ ಬಳಿ ಮುಖ ಸಣ್ಣ ಮಾಡಿಕೊಂಡು ನಿಂತಿದ್ದ ಅರುಣಕುಮಾರರ ಹತ್ತಿರ ಹೋಗಿ ಅದನ್ನು ಅವರ ಅಂಗೈಯಲ್ಲಿಟ್ಟಳು.

"ತಗೋರಿ ವಕೀಲಸಾಹೇಬ್ರ. ಏನ್ ಮಾತು, ಏನ್ ಮಾತು! ಕೇಳಿ ಹೊಟ್ಟಿ ತುಂಬ್ತು ನೋಡ್ರಿ. ನಮ್ಮ ಹುಡುಗಿ ಛಲೋ ಅದಾಳ ಖರೆ, ಆದ್ರ ಬಾಯೇ ಇಲ್ಲ. ಲಿಂಗಣ್ಣ ಇನ್ನ ಕಲಬುರಗಿ ಹೈಕೋರ್ಟಿಗೆ ಹೋದ್ನಂದ್ರ ನೀವs ನನ್ನ ಕಡಿಂದ ನಿಂದರ್ರಿ."

ಉತ್ತರ ಕೊಡಲೆಂದು ಗುರುದೇವಿ ಬಾಯಿ ತೆರೆದಳು. ಪ್ರಸಾದ ಇನ್ನೂ ಕರಗಿರಲಿಲ್ಲ.