ರೆಕ್ಕೆ ಯಾರು ನೋಡಿದರು

ಬೆಂದ ರೇಷ್ಮೆಹುಳುವಿನ ನಾತ ಮೂಗಿಗೆ ಬಡಿದರೆ ನನಗೆ ಈಗಲೂ ವಾಕರಿಕೆ ಬರುತ್ತದೆ.

ಚಿಕ್ಕಂದಿನಲ್ಲಿ ಒಂದು ದಿನ, ನಮ್ಮೂರು ಕಲ್ಯದ ಮನೆಯ ಜಗಲಿಯಲ್ಲಿ ಅಜ್ಜಿ ಬಿತ್ತನೆಗೆ, ಅಂದರೆ ಮುಂದಿನ ಬೆಳೆಯ ಮೊಟ್ಟೆಗೆಂದು, ರೇಷ್ಮೆಗೂಡು ಆರಿಸುತ್ತಿದ್ದಳು. ಪಕ್ಕದ ಮೊರದಲ್ಲಿ, ಹಿಂದಿನ ಬಿತ್ತನೆಗೂಡು ಒಡೆದು ಬಂದ ಚಿಟ್ಟೆಗಳು ತಮ್ಮದೇ ಕಂದು ಉಚ್ಚೆಯಲ್ಲಿ ಹೊರಳುತ್ತಿದ್ದವು. ಹಾರಲಿ ಎಂದು ಒಂದನ್ನು ಮೇಲಕ್ಕೆಸೆದೆ. ರೆಕ್ಕೆ ಬಡಿಯಿತು, ಹಾರಲಿಲ್ಲ, ಪಚಕ್ಕನೆ ನೆಲಕ್ಕೆ ಬಿತ್ತು. ಛೀ!

ಯಾಕೆ ಹಾರಲಿಲ್ಲ ಎಂದು ಕೇಳಿದ್ದಕ್ಕೆ, ಬೆಂಗಳೂರಲ್ಲಿ ಓದುತ್ತಿದ್ದ ಚಿಕ್ಕಪ್ಪ, "ತಲೆಮಾರು ಕಳೆದಂಗೆ ಜೀವಿಗಳು ಬದಲಾಗ್ತವೆ, ಅದೇ ವಿಕಾಸ. ಬದಲಾಗೋದು ದಿಟ. ಹೆಂಗೆ ಬದಲಾಗ್ತವೆ ಅಂತ ವಿವರಿಸೋದು ಸಿದ್ಧಾಂತ," ಎಂದ.

ತಾತ ಎಲೆಅಡಿಕೆ ಉಗಿದು ರೇಗಿದ. "ಕಂಡೋರ್ಯಾರ್ಲಾ? ಎಲ್ಲಾ ದ್ಯಾವ್ರು ಮಾಡಿದ್ದು."

ಅಜ್ಜಿ ತಲೆಯೆತ್ತಲಿಲ್ಲ. "ಇವುನ್ನ ನಾವೇ ಮಾಡಿದ್ದು. ದಪ್ಪ ಗೂಡು ಕಟ್ಟೋವುನ್ನೇ ಬಿತ್ನೆಗೆ ಮಡಗ್ತಾ ಬಂದೋ. ರೆಕ್ಕೆನ ಯಾರ್ ನೋಡುದ್ರು?"

ಅಷ್ಟೆಂದು, ಬಿತ್ತನೆಗೆ ಆರಿಸದೆ ಮಿಕ್ಕ ಗೂಡುಗಳನ್ನು, ನೂಲು ತೆಗೆಯಲು, ಒಳಗಿನ ಹುಳುವಿನ ಸಮೇತ ಅಂಗಳದ ಒಲೆಯ ಮೇಲೆ ಕುದಿಯುತ್ತಿದ್ದ ಹಂಡೆಗೆ ಸುರಿದಳು.