ಬಲಭುಜ

ಶನಿವಾರ ಬೆಳಿಗ್ಗೆ ಗಂಡ ಶುರುಮಾಡಿದ ವಿಡಿಯೋ ಗೇಮು ಭಾನುವಾರ ಸಂಜೆಯಾದರೂ ಮುಗಿದಿರಲಿಲ್ಲ. ಕೊನೆಯ ರಾಕ್ಷಸನೊಬ್ಬ ಗದೆ ಬೀಸಿ ಅವನ ಯೋಧನನ್ನು ಮತ್ತೆ ಮತ್ತೆ ಕೊಲ್ಲುತ್ತಿದ್ದ. ಸೋತಷ್ಟೂ ಗಂಡನ ಮುಖ ಕೆಂಪೇರುತ್ತಿತ್ತು. ಗದೆ ಎದ್ದಾಗಲೆಲ್ಲ, ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅವಳು ಬೆಚ್ಚಿಬೀಳುತ್ತಿದ್ದಳು.

“ಟಿ.ವಿ.ಯೊಳಗಿನ ಬೊಂಬೆಗೂ ಹೆದರ್ತೀಯಲ್ಲೇ. ತಗೋ, ನೀನೇ ಆಡು,” ಎಂದು ಅವನು ಜಾಯ್‌ಸ್ಟಿಕ್ಕನ್ನು ಅವಳ ಮಡಿಲಿಗೆ ಎಸೆದ.

“ನಂಗೆ ಬರಲ್ಲ ರೀ.”

“ಆಡು ಅಂದೆನಲ್ಲ. ಈ ಗುಂಡಿ ಒತ್ತಿದ್ರೆ ಬಗ್ತಾನೆ, ಇದು ಒತ್ತಿದ್ರೆ ಹೊಡೀತಾನೆ.”

ಅವರೆಕಾಯಿ ಪಕ್ಕಕ್ಕಿಟ್ಟು ಅವಳು ಆಡಿದಳು. ಗದೆಯ ಒಂದು ಏಟೂ ತಾಗಲಿಲ್ಲ. ಹತ್ತೇ ನಿಮಿಷದಲ್ಲಿ ರಾಕ್ಷಸ ನೆಲಕ್ಕುರುಳಿದ.

ಗಂಡ ಎದ್ದು ಅವಳ ಮುಂದೆ ಬಂದು ನಿಂತ. “ಎರಡು ದಿನದಿಂದ ನನ್ನ ಕೈಲಾಗಿಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟೋಳು ನೀನು. ಹೇಗೆ ಗೊತ್ತಾಯ್ತೇ?”

“ಹೊಡೆಯೋಕೆ ಮುಂಚೆ ಬಲಭುಜ ಒಂಚೂರು ಮೇಲೇಳುತ್ತೆ ರೀ. ಆಗ ಬಗ್ಗಿಬಿಟ್ರೆ ಸಾಕು.”

“ಇದನ್ನೆಲ್ಲ ಎಲ್ಲಿ ಕಲಿತೆ?”

ಅವಳು ಜಾಯ್‌ಸ್ಟಿಕ್ಕನ್ನು ಕೆಳಗಿಟ್ಟಳು.

ಅವನ ಬಲಭುಜ ಒಂಚೂರು ಮೇಲೆದ್ದಿತು. ಅಷ್ಟರಲ್ಲಿ ಅವಳು ಬಗ್ಗಿಯಾಗಿತ್ತು.